ಮೇಲಿನ ಮಡಿ ತುಂಬುವ ತನಕ

ಕಂಪ್ಲಿಯಲ್ಲಿ ನಮ್ಮ ಭತ್ತದ ಗದ್ದೆಗೆ ಕಾಲುವೆ ನೀರು ಬಂದಾಗ, ಮೇಲಿನ ಮಡಿ ತುಂಬುವ ತನಕ ಅಪ್ಪ ಕೆಳಗಿನ ಮಡಿಗೆ ಬದು ಕಡಿಯುತ್ತಿರಲಿಲ್ಲ. ಎಲ್ಲ ಮಡಿಗಳಿಗೂ ಸ್ವಲ್ಪ ಸ್ವಲ್ಪ ನೀರು ಬಿಡುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಎಂಬತ್ತರ ದಶಕದ ಕೊನೆಗೆ ನಾನು ಎಂಬಿಎ ಪ್ರವೇಶ ಪರೀಕ್ಷೆ ಬರೆಯಲು ಬೆಂಗಳೂರಿಗೆ ಹೋದಾಗ ನನಗೆ ಗೊತ್ತಿದ್ದ ಉಪಾಯವೂ ಅದೊಂದೇ.

ಮೊದಲ ವಿಭಾಗ ಇಂಗ್ಲಿಷ್. ಹೊಸಪೇಟೆಯ ಕಾಲೇಜಿನಲ್ಲಿ ಓದಿದ ನನಗೆ ಆ ಉದ್ದುದ್ದ ಗದ್ಯಭಾಗಗಳು ತಲೆಗೆ ಹತ್ತಲಿಲ್ಲ. ಆದರೂ ಬಿಟ್ಟು ಮುಂದೆ ಹೋಗಲಿಲ್ಲ. ಪಕ್ಕದವನು ಬಾರದ ಪ್ರಶ್ನೆಗಳನ್ನು ಬಿಟ್ಟು ಸರಸರ ಪುಟ ತಿರುವುತ್ತಿದ್ದ. ಸೋಮಾರಿ ಅಂದುಕೊಂಡೆ. ನನಗೆ ನೀರು ಕುಡಿದಷ್ಟು ಸುಲಭವಾದ ಗಣಿತ ಕೊನೆಯ ವಿಭಾಗದಲ್ಲಿತ್ತು; ಅಲ್ಲಿಗೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಪ್ರತಿ ವಿಭಾಗದಲ್ಲೂ ಇಂತಿಷ್ಟು ಅಂಕ ಬಾರದಿದ್ದರೆ ಉಳಿದದ್ದೆಲ್ಲ ವ್ಯರ್ಥ ಎಂದು ಗೊತ್ತಿತ್ತು. ಗೊತ್ತಿದ್ದು ಏನು ಬಂತು?

ಊರಿಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ.

"ಮ್ಯಾಲಿಂದು ತುಂಬದ ಕೆಳಗ ಹೆಂಗ ಬಿಡಾಕ ಬರತೈತಿ? ನೀ ಮಾಡಿದ್ದು ಬರೋಬ್ಬರಿ ಐತಿ," ಅಂದ.

ಮರುವರ್ಷ ಜಾಣನಾಗಿ ಗಣಿತದಿಂದಲೇ ಶುರು ಮಾಡಿದೆ. ಆ ವರ್ಷ ಕಠಿಣವಾಗಿದ್ದದ್ದು ಗಣಿತ. ಒಂದು ಲೆಕ್ಕ ಬಗೆಹರಿಯದೆ ಮುಂದಿನದಕ್ಕೆ ಕೈ ಹೋಗಲಿಲ್ಲ. ಇಂಗ್ಲಿಷಿನ ಪುಟ ತೆರೆದಾಗ ಮೇಲ್ವಿಚಾರಕರು ಉತ್ತರಪತ್ರಿಕೆಗೆ ಕೈ ಚಾಚಿ ನಿಂತಿದ್ದರು.

ಈ ಸಲ ಊರಿಗೆ ಬಂದಾಗ ಅಪ್ಪ ಅಂಗಳದಲ್ಲಿ ಸಲಿಕೆಯ ಮಣ್ಣು ಕೆರೆಯುತ್ತಿದ್ದ.

"ನಾಳಿ ನಮ್ಮ ನೀರಿನ ಪಾಳಿ ಐತಿ. ಸಲಿಕಿ ತಗಂಡು ಗದ್ದಿಗೆ ಬಾ," ಅಂದ.