ಪಿನ್ನರ್‌ನಲ್ಲಿ ಫ್ರೆಂಚ್ ಹೆಂಗಸಿನ ಪೋಸ್ಟ್‌ಮಾರ್ಟಂ

ವಿಲಾಯಿತಿಯ ನಮ್ಮ ಕನ್ನಡ ಓದುಬಳಗದಲ್ಲಿ ಅರ್ಧ ಡಾಕ್ಟರುಗಳು, ಉಳಿದರ್ಧ ಅವರನ್ನು ಮದುವೆಯಾದವರು. ಎರಡಕ್ಕೂ ಸೇರದ ನಾನು ಹೋಗುತ್ತಿದ್ದುದು ಊಟಕ್ಕೆ. ಹೇಸ್‌ನ ಗೋದಾಮಿನಲ್ಲಿ ಪೆಟ್ಟಿಗೆ ಹೊರುವವನಿಗೆ ಪಿನ್ನರ್‌ನ ಸೋಫಾ ಸಿಗಬೇಕಾದರೆ ಏನಾದರೊಂದು ವಿದ್ಯೆ ಬೇಕಲ್ಲ, ನನ್ನದು ಮಿಮಿಕ್ರಿ. ಯಾರ ದನಿಯನ್ನು ಬೇಕಾದರೂ ತೆಗೆಯುತ್ತೇನೆ. ನನ್ನ ಸ್ವಂತ ದನಿ ಯಾವುದೆಂದು ಮಾತ್ರ ಕೇಳಬಾರದು.

ಪುಸ್ತಕ ಆರಿಸಿದವರೇ ಮೊದಲು ಮಾತಾಡಬೇಕೆಂಬುದು ಬಳಗದ ಕಟ್ಟಳೆ. ಅಲ್ಲಿಯವರೆಗೆ ಆರಿಸಿದವರೆಲ್ಲ ಡಾಕ್ಟರುಗಳೇ ಆದ್ದರಿಂದ ನಾವು ನಿದ್ದೆಯ ಬಗ್ಗೆ, ಕರುಳಿನ ಬಗ್ಗೆ ಬಹಳ ಓದಿಕೊಂಡಿದ್ದೆವು. ಆ ತಿಂಗಳ ಸರದಿ ಬಳಗ ಸೇರುತ್ತಿದ್ದ ಪಿನ್ನರ್ ಮನೆಯ ಒಡತಿಯದು. ಮದುವೆಗೆ ಮುಂಚೆ ಮೈಸೂರಿನ ಕಾಲೇಜಿನಲ್ಲಿ ಸಾಹಿತ್ಯ ಪಾಠ ಹೇಳುತ್ತಿದ್ದವರು, ಇಲ್ಲಿ ಬರೀ ‘ಡಾಕ್ಟರ ಮಿಸೆಸ್ಸು’. ಅವರು ಆರಿಸಿದ್ದು ಒಂದು ಹಳೆಯ ಫ್ರೆಂಚ್ ಕಾದಂಬರಿ: ಸಣ್ಣ ಊರಿನ ಡಾಕ್ಟರನ ಹೆಂಡತಿ ಬೇಸರಕ್ಕೆ ಪ್ರೇಮ, ಪ್ರೇಮಕ್ಕೆ ಸಾಲ ಮಾಡಿಕೊಂಡು ಕೊನೆಗೆ ವಿಷ ತಿನ್ನುವ ಕಥೆ. ಅದು ಬಂದಮೇಲೆ ಕಾದಂಬರಿ ಬರೆಯುವ ಬಗೆಯೇ ಬದಲಾಯಿತು ಎಂದು ಬಲ್ಲವರು ಹೇಳುತ್ತಾರೆ. ನಮ್ಮಲ್ಲಿ ಬಹುತೇಕರು ಅದರ ಸಾರಾಂಶವನ್ನು ಟ್ಯೂಬು ರೈಲಿನಲ್ಲಿ ಫೋನಿನ ಮೇಲೆ ಓದಿಕೊಂಡು ಬಂದಿದ್ದರು. ನಾನು ಅದರಲ್ಲೂ ಅರ್ಧ.

ಅಡುಗೆಮನೆಯಲ್ಲಿ ಕೋಸಂಬರಿಗೆ ಕೈ ಹಾಕಿದ್ದ ನನ್ನನ್ನು ಮಿಸೆಸ್ಸು ತಡೆದರು. “ನಾನು ಮುಗಿಸೋವರೆಗೂ ಯಾರ ದನೀನೂ ತೆಗೀಬೇಡ ಕಣಪ್ಪ. ಇದೊಂದ್ಸಲ ನನ್ನ ಮಾತು ಕೇಳಿಸ್ಕೊಳ್ಳಲಿ ಇವರು.” ನಾನು ದೇವರಾಣೆ ಅಂದೆ. ನನ್ನ ಆಣೆಯೂ ಭಾನುವಾರದ ಟ್ಯೂಬು ರೈಲೂ ಒಂದೇ, ನಂಬುವಂತಿಲ್ಲ.

ಅವರು ಪುಸ್ತಕ ತೆರೆದು ಎರಡು ಮಾತು ಆಡಿದ್ದರೋ ಇಲ್ಲವೋ, ಅವರ ಗಂಡ, ಧಾರವಾಡ ಕಡೆಯ ಡಾಕ್ಟರಾದ ಯಜಮಾನರು, ಮುಂದಕ್ಕೆ ಬಾಗಿದರು. “ಟೈಮಿಗೆ ಸರಿಯಾಗಿ ಹೊಟ್ಟಿ ತೊಳದಿದ್ರ ಆಕಿ ಉಳೀತಿದ್ಲು ನೋಡ್ರಿ.”

ಕ್ರೋಯ್ಡನ್‌ನ ಅರಿವಳಿಕೆ ಡಾಕ್ಟರು ಒಪ್ಪಲಿಲ್ಲ; ಆ ಹಳ್ಳಿಗೆ ಆಂಬುಲೆನ್ಸ್ ಬರುವುದು ಯಾವಾಗ, ಎಂದರು. ಅಲ್ಲಿಂದ ಮಾತು ಕಥೆಯ ಡಾಕ್ಟರು ಕೆಡಿಸಿದ ಕಾಲಿನ ಆಪರೇಷನ್ನಿಗೆ ಹೋಯಿತು: ರೋಗಿಯ ಒಪ್ಪಿಗೆ ಪಡೆದವರು ಯಾರು, ಸೀನಿಯರ್‌ಗೆ ಫೋನ್ ಮಾಡಿದ್ದರೇ? ಇಲ್ಲದ ಡಾಕ್ಟರನ ಮೇಲೆ ವಿಚಾರಣೆ ಭರ್ಜರಿಯಾಗಿ ನಡೆಯಿತು. ಮಿಸೆಸ್ಸು ಪುಟಗಳ ನಡುವೆ ಬೆರಳಿಟ್ಟುಕೊಂಡು ನಿಂತೇ ಇದ್ದರು.

ನನ್ನ ಗಂಟಲು ತಡೆಯಲಿಲ್ಲ. ಯಜಮಾನರ ದನಿಯಲ್ಲೇ ಆ ಹೆಂಗಸಿನ ನಾಡಿ ನೋಡಿ, ಸತ್ತಳೆಂದು ಸಾರಿ, “ಇನ್ನ ಊಟಕ್ಕ ಕೂಡೋಣಲ್ರಿ?” ಎಂದೆ. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ಯಜಮಾನರು.

ನಗು ಮುಗಿಯುವವರೆಗೆ ಮಿಸೆಸ್ಸು ಕಾದರು. “ನೀನು ದನಿ ತೆಗೆದ್ರೆ ಎಲ್ರೂ ನಿನ್ನ ನೋಡ್ತಾರೆ. ಈ ಪುಸ್ತಕ ಬರೆದೋನು ಎಲ್ಲೂ ಕಾಣಿಸಲ್ಲ. ಹೇಗೆ ಅಂತ ತೋರಿಸ್ಲಾ?”

ಕೂತರು. ತಮ್ಮ ಮಾಮೂಲಿ ಮೈಸೂರು ದನಿಯಲ್ಲೇ ಒಂದು ಸಂಜೆಯನ್ನು ಹೇಳಿದರು. ಒಬ್ಬ ಡಾಕ್ಟರು ಬಾಗಿಲು ತೆರೆಯುತ್ತಾನೆ. ಶೂಗಳನ್ನು ಗೋಡೆಗೆ ಸಮವಾಗಿ ಜೋಡಿಸುತ್ತಾನೆ. ಮೋಟರ್‌ವೇ ಟ್ರಾಫಿಕ್ಕಿನ ಸುದ್ದಿ ಹೇಳುತ್ತಾನೆ, ಸಾರು ಚೆನ್ನಾಗಿದೆ ಅನ್ನುತ್ತಾನೆ. ಎಂಥ ಸುಖದ ಮನೆ, ಇವಳಿಗಾದರೂ ಏನು ಕಡಿಮೆ. ಹಾಗಂದುಕೊಂಡು ಟಿವಿಯ ಮುಂದೆ ನಿದ್ದೆ ಹೋಗುತ್ತಾನೆ. ಒಂದು ಬೈಗುಳವಿಲ್ಲ, ಒಂದು ನಿಟ್ಟುಸಿರಿಲ್ಲ. ಕ್ರೋಯ್ಡನ್‌ನವರು ನಗಲು ಬಾಯಿ ತೆರೆದು ಹಾಗೇ ಮುಚ್ಚಿಕೊಂಡರು. ಯಜಮಾನರು ತಮ್ಮ ಸಾಕ್ಸ್ ನೋಡಿಕೊಳ್ಳುತ್ತಿದ್ದರು. ಬಾಗಿಲಾಚೆ ಅವರ ಶೂಗಳು ಗೋಡೆಗೆ ಸಮವಾಗಿದ್ದವು.

ಆಮೇಲೆ ಮಿಸೆಸ್ಸು ಪುಸ್ತಕದ ಬಗ್ಗೆ ಮಾತಾಡಿದರು. ಯಾರೂ ನಡುವೆ ಬಾಯಿ ಹಾಕಲಿಲ್ಲ. ಸಾರು ತಣ್ಣಗಾಯಿತು.

ಮುಗಿದ ಮೇಲೆ ಯಜಮಾನರು ಮೆಲ್ಲಗೆ ಕೇಳಿದರು, “ಆ ಡಾಕ್ಟರ್ ಕೆಟ್ಟಾಂವ ಏನಲ್ಲಲಾ?”

“ಅಲ್ಲ,” ಎಂದರು ಮಿಸೆಸ್ಸು. “ಅದೇ ಕಷ್ಟ.”

ಯಜಮಾನರು ಎದ್ದು, ಸಾರು ತಾವೇ ಬಿಸಿ ಮಾಡುವುದಾಗಿ ಅಡುಗೆಮನೆಗೆ ಹೋದರು. ಒಲೆ ಹಚ್ಚುವುದು ಹೇಗೆಂದು ಕೇಳಲು ವಾಪಸ್ಸು ಬಂದರು. ಆಗಿನ ಅವರ ದನಿಯನ್ನು ಮಾತ್ರ ನಾನು ಈವರೆಗೆ ಎಲ್ಲೂ ತೆಗೆದಿಲ್ಲ.