ಅದಲುಬದಲಾದ ಎರಡು ಚೀಟಿ

ಉಡುಪಿಯ ಒಂದು ಸಣ್ಣ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಟೆಕ್ನಿಷಿಯನ್ ಆಗಿದ್ದ ಬ್ರಯಾನ್ ದೇವರನ್ನು ನಂಬುತ್ತಿರಲಿಲ್ಲ. ಪರೀಕ್ಷೆ ಮಾಡಿ ನೋಡಲಾಗದ್ದು ತನಗೆ ಬೇಡ ಎನ್ನುತ್ತಿದ್ದ. ಕಾರ್ಕಳದಲ್ಲಿ ಅವನನ್ನು ಸಾಕಿ ಬೆಳೆಸಿದ, ಅವನು ಮಾವ್ಶಿ ಎಂದು ಕರೆಯುವ ಚಿಕ್ಕಮ್ಮ ಜೆಸಿಂತಾ ಒಂದು ದಿನವೂ ಚರ್ಚಿನ ಬಲಿಪೂಜೆ ತಪ್ಪಿಸಿದವರಲ್ಲ.

ಜೂನ್‌ನಲ್ಲಿ ಜೆಸಿಂತಾರ ಎದೆಯ ಗಂಟಿನ ಪರೀಕ್ಷೆ ಅವನ ಲ್ಯಾಬಿನಲ್ಲೇ ಆಯಿತು. ಕ್ಯಾನ್ಸರ್ ಎಂದು ಬಂತು. ಅವರು ಒಂಬತ್ತು ದಿನ ಅತ್ತೂರಿನ ಚರ್ಚಿಗೆ ಹೋಗಿ ಪ್ರಾರ್ಥಿಸಿದರು. ಬಳಿಕ ಮಣಿಪಾಲದಲ್ಲಿ ಮತ್ತೆ ಪರೀಕ್ಷಿಸಿದಾಗ ಕ್ಯಾನ್ಸರ್ ಇರಲಿಲ್ಲ.

“ಈಗ ಎಂತ ಹೇಳ್ತೀ?” ಎಂದು ಕೇಳಿದರು ಜೆಸಿಂತಾ. ಭಾನುವಾರ ಇಗರ್ಜಿಯಲ್ಲಿ ಎಲ್ಲರ ಮುಂದೆ ಅವರು ಈ ಪವಾಡದ ಸಾಕ್ಷ್ಯ ಹೇಳುವುದೆಂದು ನಿಶ್ಚಯವಾಗಿತ್ತು.

ಪವಾಡವಲ್ಲವೆಂದು ತೋರಿಸುವ ಹಟದಿಂದ ಬ್ರಯಾನ್ ಶುಕ್ರವಾರ ಹಳೆಯ ಮಾದರಿಗಳ ಡಬ್ಬ ತೆರೆದು ದಾಖಲೆಯೊಡನೆ ತಾಳೆ ನೋಡಿದ. ಜೂನ್‌ನಲ್ಲಿ ಚಿಕ್ಕಮ್ಮನ ಮಾದರಿ ಬಂದ ದಿನವೇ ಬಂದಿದ್ದ ಇನ್ನಂಜೆಯ ಪ್ರಫುಲ್ಲಾ ಎಂಬವರ ಮಾದರಿಗೆ ಚಿಕ್ಕಮ್ಮನ ಹೆಸರು ಬಿದ್ದಿತ್ತು, ಚಿಕ್ಕಮ್ಮನದಕ್ಕೆ ಪ್ರಫುಲ್ಲಾರದ್ದು. ಹೆಸರಿನ ಚೀಟಿ ಅಂಟಿಸಿದವನು ತಾನೇ. ಪ್ರಫುಲ್ಲಾರಿಗೆ ಏನೂ ಇಲ್ಲವೆಂಬ ವರದಿ ಹೋಗಿ ಏಳು ವಾರವಾಗಿತ್ತು.

ಲ್ಯಾಬಿನ ಮಾಲೀಕ ಜಾರ್ಜ್ ಅವನಿಂದ ವಿಷಯ ಕೇಳಿ ಬಾಗಿಲು ಹಾಕಿಕೊಂಡು ಹೇಳಿದರು: “ಸೋಮವಾರ ನೋಡುವ. ಬಾಯಿ ಬಿಟ್ಟರೆ ನಿನ್ನ ಕೆಲಸವೂ ಇಲ್ಲ, ನನ್ನ ಲ್ಯಾಬೂ ಇಲ್ಲ.”

ಬ್ರಯಾನ್ ಕಾರ್ಕಳದ ಬಸ್ಸು ಹತ್ತಿದ. ಚಿಕ್ಕಮ್ಮ ಸಾಕ್ಷ್ಯ ಬರೆಯುತ್ತಾ ಕೂತಿದ್ದರು. ಅವನು ನಿಂತಲ್ಲೇ ಎಲ್ಲ ಹೇಳಿದ. ಅವರು ಕಾಗದವನ್ನು ಮಡಚಿದರು.

“ನೀನು ಗೆದ್ದೆ, ಅಲ್ವಾ?”

“ಇಲ್ಲ ಮಾವ್ಶಿ. ಹೆದರಿಕೆ ಆಗ್ತಾ ಉಂಟು.”

“ಆ ಹೆಂಗಸಿಗೆ ಗೊತ್ತುಂಟಾ?”

“ಇಲ್ಲ.”

“ಮತ್ತೆ ಮೊದಲು ಇಲ್ಲಿಗೆ ಯಾಕೆ ಬಂದೆ?”

“ಒಬ್ಬನೇ ಹೋಗಲಿಕ್ಕೆ ಧೈರ್ಯ ಸಾಲಲಿಲ್ಲ.”

ಇಬ್ಬರೂ ರಿಕ್ಷಾ ಮಾಡಿಕೊಂಡು ಇನ್ನಂಜೆಗೆ ಹೋದರು. ವಿಷಯ ಕೇಳಿದ್ದೇ ಪ್ರಫುಲ್ಲಾರ ಗಂಡ ಭೋಜ ಬ್ರಯಾನನ ಕೊರಳಪಟ್ಟಿ ಹಿಡಿದರು. ಜೆಸಿಂತಾ ನಡುವೆ ನಿಂತರು. “ಹೊಡೆಯುವುದಾದರೆ ಆಮೇಲೆ ಹೊಡೆಯಿರಿ. ಈಗ ಮಣಿಪಾಲಕ್ಕೆ ಹೊರಡಿ, ರಿಕ್ಷಾ ನಿಂತುಂಟು.” ಪ್ರಫುಲ್ಲಾ ಸೀರೆ ಬದಲಿಸಲು ಒಳಗೆ ಹೋದರು.

ಭಾನುವಾರ ಜೆಸಿಂತಾ ಮೈಕಿನ ಮುಂದೆ, ತನಗೆ ರೋಗವೇ ಇರಲಿಲ್ಲ, ಇರುವುದು ಪ್ರಫುಲ್ಲಾ ಎಂಬವರಿಗೆ, ಅವರಿಗಾಗಿ ಪ್ರಾರ್ಥಿಸಿ ಎಂದರು. ಕೆಲವರು ಮುಖ ತಿರುಗಿಸಿದರು. ಹೊರಗೆ ಕಾಯುತ್ತಿದ್ದ ಬ್ರಯಾನನಿಗೆ, “ನನ್ನ ಪ್ರಾರ್ಥನೆ ಸುಳ್ಳಲ್ಲ. ನೀನು ಆ ಡಬ್ಬ ತೆರೆದೆಯಲ್ಲ,” ಎಂದರು. ಅವನು ಒಪ್ಪಲಿಲ್ಲ, ವಾದಿಸಲೂ ಇಲ್ಲ.

ಪ್ರಫುಲ್ಲಾರ ರೋಗ ಬೇರೆಡೆ ಹರಡಿರಲಿಲ್ಲ. ಕೆಲಸ ಕಳೆದುಕೊಂಡ ಬ್ರಯಾನ್ ಮೂರು ವಾರಕ್ಕೊಮ್ಮೆ ಪ್ರಫುಲ್ಲಾರನ್ನು ಚಿಕಿತ್ಸೆಗೆ ಕರೆದೊಯ್ಯುತ್ತಾನೆ. ಭೋಜ ಇನ್ನೂ ಅವನೊಡನೆ ಮಾತಾಡಿಲ್ಲ.