ಬೆಲ್ಲದ ಬಣ್ಣದ ಪ್ಲಗ್ಗು

ನನ್ನ ಅಕ್ಕನ ಮಗ ಕೊತ್ತತ್ತಿಯಲ್ಲಿ ಆಲೆಮನೆ ನಡೆಸುತ್ತಾನೆ. ಕಬ್ಬು ಅರೆದು ಬೆಲ್ಲ ಕಾಯಿಸುವುದು ಅವನ ಹೊಟ್ಟೆಪಾಡು. ಹಳೆಯ ಟೂ ಸ್ಟ್ರೋಕ್ ಬೈಕು ಹತ್ತಿ, ಕುಯ್ಲಾದ ಗದ್ದೆಗಳಲ್ಲಿ ನಡೆಯುವ ರೇಸಿಗೆ ಹೋಗುವುದು ಅವನ ಹುಚ್ಚು. ನಲವತ್ತು ದಾಟಿದರೂ ಅದು ಬಿಟ್ಟಿಲ್ಲ. ಹೋದ ವರ್ಷ ಮದ್ದೂರಿನ ಹತ್ತಿರ ನಡೆದ ರೇಸಿನಲ್ಲಿ ಇಂಜಿನ್ ಹಿಡಿದುಕೊಂಡಿತು. ಪಿಸ್ಟನ್ ಕಾದು ಉಬ್ಬಿ ಸಿಲಿಂಡರಿಗೆ ಕಚ್ಚಿಕೊಂಡರೆ ಹಿಂದಿನ ಚಕ್ರ ತಿರುಗುವುದೇ ಇಲ್ಲ. ಬೈಕು ನಿಂತಿತು, ಇವನು ನಿಲ್ಲಲಿಲ್ಲ. ಹೆಗಲ ಮೂಳೆ ಮುರಿಯಿತು. ಆ ಕಬ್ಬಿನ ಕಾಲವೆಲ್ಲ ಹೆಂಡತಿಯೊಬ್ಬಳೇ ಆಲೆಮನೆ ನೋಡಿಕೊಂಡಳು.

ಈ ವರ್ಷ ರೇಸಿಗೆ ಮೊದಲು, ಹೊಸ ಪಿಸ್ಟನ್ ಹಾಕಿಸಿದ ಬೈಕು ತೆಗೆದುಕೊಂಡು ಗುತ್ತಲಿನ ನನ್ನ ಗ್ಯಾರೇಜಿಗೆ ಬಂದ. ಜೊತೆಗೆ ಹೆಂಡತಿಯೂ ಬಂದಿದ್ದಳು. ಬಂದವಳು ಕೂರಲೂ ಇಲ್ಲ.

"ಅತ್ತೆ, ಈ ಸಲ ಇಂಜಿನ್ನು ಇಡ್ಕಂಡ್ರೆ ಅವತ್ತೇ ಬೈಕ್ ಮಾರ್ಬುಡ್ತೀನಿ. ನಿಮ್ ಮುಂದೇನೇ ಯೋಳ್ತಾವ್ನಿ."

"ಇವನ್ನೂ ಸೇರ್ಸಿ ಮಾರ್ಬುಡವ್ವ."

"ಮೂಳೆ ಮುರ್ದಿರೋ ಮಾಲು ಯಾರ್ ತಗಂಡಾರು, ಬುಡಿ."

ಅವನು ನಗಲಿಲ್ಲ. ಆ ಬೈಕು ಬಿಟ್ಟರೆ ಅವನಿಗೆ ಬೇರೆ ಸುಖವಿಲ್ಲ. ಹೆಂಡತಿ ಹೇಳಿದರೆ ಮಾಡುವವಳು ಎಂಬುದೂ ಅವನಿಗೆ ಗೊತ್ತು.

ಈ ಗ್ಯಾರೇಜು ನನ್ನ ಗಂಡನದು. ಅವನ ಪಕ್ಕ ಕೂತು ಪಾನ, ಸ್ಕ್ರೂಡ್ರೈವರ್ ಕೊಡುತ್ತಾ ಕೊಡುತ್ತಾ ಕೆಲಸ ಕಲಿತೆ. ಅವನು ಹೋದ ಮೇಲೆ ಬಾಗಿಲು ಹಾಕಲಿಲ್ಲ. ನಾನು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಈ ಬರಹದ ಒತ್ತಕ್ಷರಗಳನ್ನು ಪಕ್ಕದ ಮನೆಯ ಟೀಚರಮ್ಮ ತಿದ್ದಿದ್ದಾರೆ. ಇಂಜಿನ್ ವಿಷಯದಲ್ಲಿ ಅವರು ತಿದ್ದುವುದು ಏನೂ ಇರಲಿಲ್ಲ.

ಮೊದಲು ಪ್ಲಗ್ಗು ಬಿಚ್ಚಿದೆ. ಇಂಜಿನ್ನಿನ ಹೊಟ್ಟೆಯೊಳಗೆ ಏನು ನಡೆಯುತ್ತಿದೆ ಎಂದು ಪ್ಲಗ್ಗಿನ ತುದಿಯೇ ಹೇಳುತ್ತದೆ. ಕಪ್ಪಗಿದ್ದರೆ ಪೆಟ್ರೋಲು ಜಾಸ್ತಿ. ಬೆಳ್ಳಗಿದ್ದರೆ ಪೆಟ್ರೋಲು ಕಮ್ಮಿ, ಗಾಳಿ ಜಾಸ್ತಿ. ಹಾಗಾದರೆ ಇಂಜಿನ್ ಕಾಯುತ್ತದೆ, ಕಾದರೆ ಹಿಡಿದುಕೊಳ್ಳುತ್ತದೆ. ಎಷ್ಟು ಪೆಟ್ರೋಲು ಹೋಗಬೇಕೆಂದು ಅಳೆಯುವುದು ಕಾರ್ಬುರೇಟರಿನ ಜೆಟ್ಟಿನ ತೂತು. ಇವನ ಪ್ಲಗ್ಗು ಬಿಳಿಚಿಕೊಂಡಿತ್ತು.

"ಏನ್ಲಾ ಇದು, ರಕ್ತ ಇಲ್ದೋರ್ ಮುಖ ಇದ್ದಂಗದೆ?"

"ನೀನೇ ಅಲ್ವಾ ಚಿಕ್ಕವ್ವ ಓದ್ವರ್ಸ ರೇಸ್ಗೆ ಮುಂಚೆ ಪೋನಲ್ಲಿ ಯೋಳಿದ್ದು? ಪ್ಲಗ್ಗು ಬೆಲ್ಲದ್ ಬಣ್ಣಕ್ಕೆ ಬರ್ಬೇಕು ಅಂತ. ಅದು ಬರಗಂಟ ಸಣ್ಣ್ ಜೆಟ್ಟು ಆಕ್ಕಂಡು ಬಂದಿವ್ನಿ. ನೋಡು ಬೇಕಾರೆ."

ನನಗೆಂದು ತಂದಿದ್ದ ಚೀಲದಿಂದ ಒಂದು ಅಚ್ಚು ಬೆಲ್ಲ ತೆಗೆದು ಪ್ಲಗ್ಗಿನ ಪಕ್ಕ ಹಿಡಿದ. ಎರಡೂ ಒಂದೇ ಬಣ್ಣ.

ಅವನು ಸುಳ್ಳು ಹೇಳಲಿಲ್ಲ. ಈಗ ಮಂಡಿಯಲ್ಲಿ ಬೆಳ್ಳಗಿರುವ ಬೆಲ್ಲವೇ ಓಡುವುದು. ಅದಕ್ಕೆ ಕೊಪ್ಪರಿಗೆಗೆ ಪುಡಿ ಹಾಕಿ ಬಣ್ಣ ತೆಗೆಯುತ್ತಾರೆ. ದಿನವೂ ಅದನ್ನೇ ನೋಡುವವನಿಗೆ ಬೆಲ್ಲ ಎಂದರೆ ಅದೇ. ನಾನು ಹೇಳಿದ್ದು ಬೆಲ್ಲದ ಬಣ್ಣವನ್ನೇ. ಅವನು ಕಾಯಿಸುವುದನ್ನು ಬೆಲ್ಲ ಎಂದು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಒಳಗೆ ಹೋಗಿ, ದುದ್ದದ ಕಡೆಯಿಂದ ತರಿಸುವ ಬೆಲ್ಲದ ಉಂಡೆ ತಂದು ಅವನ ಮುಂದಿಟ್ಟೆ. ಪುಡಿ ಕಾಣದ ಬೆಲ್ಲ, ಹುರಿದ ಕಾಫಿಬೀಜದ ಬಣ್ಣ.

"ಇದು ಕಣ್ಲಾ ಬೆಲ್ಲ."

ಹೆಂಡತಿ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡಳು. "ಅಂಗಾರೆ ಓದ್ವರ್ಸ ಮೂಳೆ ಮುರ್ದಿದ್ದು ನಮ್ ಬೆಲ್ಲನೇ ಅನ್ನಿ."

ಆಮೇಲೆ ಕಿಡಿಯ ಟೈಮಿಂಗ್ ನೋಡಿದೆ. ಪ್ಲಗ್ಗಿನ ತೂತಿನಲ್ಲಿ ಸೈಕಲ್ ಚಕ್ರದ ಕಡ್ಡಿ ಇಳಿಬಿಟ್ಟರೆ ಪಿಸ್ಟನ್ ಎಷ್ಟು ಮೇಲೆ ಬಂತು ಎಂದು ಗೊತ್ತಾಗುತ್ತದೆ. ಎಲ್ಲಿ ಕಿಡಿ ಬೀಳಬೇಕೋ ಆ ಗುರುತನ್ನು ನನ್ನ ಗಂಡ ಅರದಲ್ಲಿ ಕಡ್ಡಿಯ ಮೇಲೆ ಕೊರೆದಿದ್ದ. ಕಿಡಿ ಹೊಡೆಸುವ ಪಾಯಿಂಟಿನ ಎರಡು ತುಟಿಗಳ ನಡುವೆ ಸಿಗರೇಟ್ ಪ್ಯಾಕಿನ ತೆಳು ಕಾಗದ ಸಿಕ್ಕಿಸಿ, ಮೆಲ್ಲಗೆ ಎಳೆಯುತ್ತಾ ಇಂಜಿನ್ ತಿರುಗಿಸಬೇಕು. ತುಟಿ ಬಿಚ್ಚಿದ ಕ್ಷಣಕ್ಕೆ ಕಾಗದ ಜಾರುತ್ತದೆ, ಕಿಡಿ ಬೀಳುವುದೂ ಆಗಲೇ. ಗುರುತು ಬರುವುದಕ್ಕೆ ಇನ್ನೂ ಬಹಳ ಇರುವಾಗಲೇ ಇವನ ಕಾಗದ ಕೈಗೆ ಬಂತು.

"ಯಾರ್ಲಾ ಇಷ್ಟು ಮುಂದಕ್ಕೆ ಇಟ್ಟೋನು?"

"ಮುಂದಕ್ಕಿಟ್ರೆ ಕಿತ್ಕಂಡ್ ಓಯ್ತದೆ ಅಂದ್ರು."

"ಅಂದೋರ್ನೇ ಕೂರ್ಸಿ ಓಡ್ಸು. ಪಿಸ್ಟನ್ನು ಇನ್ನೂ ಏರ್ತಾ ಇರ್ವಾಗ್ಲೇ ಅದರ ತಲೆ ಮೇಲೆ ಬೆಂಕಿ ಸುರ್ದಿದ್ದೀಯಲ್ಲ."

ಪಾಯಿಂಟಿನ ತಟ್ಟೆ ಸಡಿಲಿಸಿ, ಗುರುತಿಗೆ ಸರಿಯಾಗಿ ಕಾಗದ ಜಾರುವವರೆಗೆ ಹಿಂದಕ್ಕೆ ತಿರುಗಿಸಿ ಬಿಗಿ ಮಾಡಿದೆ. ಕಾರ್ಬುರೇಟರಿಗೆ ದೊಡ್ಡ ತೂತಿನ ಜೆಟ್ಟು ಹಾಕಿದೆ. ನಾಲೆ ಏರಿಯ ಮೇಲೆ ಪೂರ್ತಿ ಆಕ್ಸಿಲೇಟರ್ ಕೊಟ್ಟು ಓಡಿಸಿ, ಹಾಗೇ ಇಂಜಿನ್ ಆಫ್ ಮಾಡಿ ಪ್ಲಗ್ಗು ಬಿಚ್ಚಿಕೊಂಡು ಬಾ ಎಂದು ಕಳಿಸಿದೆ. ಕಪ್ಪಗೆ ಬಂತು. ಒಂದು ಸೈಜು ಇಳಿಸಿದೆ. ನನ್ನ ಬೆಲ್ಲದ ಬಣ್ಣಕ್ಕೆ ಬಂತು.

"ಇನ್ನೊಂದ್ ಸೈಜು ಇಳಿಸಿದ್ರೆ ಇನ್ನೂ ಜೋರಾಗ್ ಓಯ್ತದಲ್ವಾ ಚಿಕ್ಕವ್ವ?"

"ಓಯ್ತದೆ ಕಣ್ಲಾ, ಆಸ್ಪತ್ರೆಗೆ."

ಹೆಂಡತಿ ಅವನ ಸಣ್ಣ ಜೆಟ್ಟುಗಳನ್ನೆಲ್ಲ ಬಾಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ರೇಸಿನ ದಿನ ನಾನೂ ಮದ್ದೂರಿಗೆ ಹೋದೆ. ಬದುವಿನ ಮೇಲೆ ಟವಲ್ ಹಾಸಿಕೊಂಡು ನಾನೂ ಅವನ ಹೆಂಡತಿಯೂ ಕೂತೆವು. ಸ್ವಲ್ಪ ದೂರದಲ್ಲಿ ಗೂಡ್ಸ್ ಆಟೋ ನಿಲ್ಲಿಸಿಕೊಂಡು ಒಬ್ಬ ಕಡಲೆಕಾಯಿ ತಿನ್ನುತ್ತಿದ್ದ. ಮಳವಳ್ಳಿಯಲ್ಲಿ ಹಳೇ ಬೈಕು ಕೊಳ್ಳುವವನಂತೆ. ಇವಳೇ ಹೇಳಿಕಳಿಸಿದ್ದಳು.

ಹೊರಟಾಗಲೇ ನಮ್ಮವನು ಹಿಂದೆ ಬಿದ್ದ. ಧೂಳಿನಲ್ಲಿ ಯಾರು ಯಾರೆಂದು ಕಾಣುತ್ತಿರಲಿಲ್ಲ. ನಾನು ಸದ್ದಿನಲ್ಲೇ ಗುರುತು ಹಿಡಿದೆ. ಸದ್ದು ತುಂಬಿಕೊಂಡಿತ್ತು, ಎಲ್ಲೂ ಟಣಟಣ ಎನ್ನಲಿಲ್ಲ. ಕೊನೆಯ ಸುತ್ತಿನಲ್ಲಿ ಆ ಸದ್ದು ತಟ್ಟನೆ ಅಡಗಿತು. ಇವಳು ನನ್ನ ತೋಳು ಹಿಡಿದ ಹಿಡಿತಕ್ಕೆ ಬಳೆ ಚರ್ಮಕ್ಕೆ ಒತ್ತಿತು.

"ಅತ್ತೆ, ಇಡ್ಕತು!"

"ಸುಮ್ಕಿರಮ್ಮಿ. ತಿರುವು ಬಂತು ಅಂತ ಅವ್ನೇ ಆಕ್ಸಿಲೇಟರ್ ಬುಟ್ಟವ್ನೆ, ಇಂಜಿನ್ ಕೈ ಬುಟ್ಟಿಲ್ಲ."

ತಿರುವು ದಾಟಿದ ಮೇಲೆ ಸದ್ದು ಮತ್ತೆ ಎದ್ದಿತು. ಅವಳು ತೋಳು ಬಿಟ್ಟಳು. ಅವನು ಕೊನೆಯವರೆಗೂ ಓಡಿಸಿದ. ಬಹುಮಾನದ ಹತ್ತಿರವೂ ಬರಲಿಲ್ಲ. ಮೈಯೆಲ್ಲ ಧೂಳು ಮಾಡಿಕೊಂಡು ಬಂದು, "ಎಳೀಲೇ ಇಲ್ಲ ಚಿಕ್ಕವ್ವ," ಎಂದು ಗೊಣಗಿದ.

"ಎರಡ್ ಕಾಲಲ್ಲಿ ನಿಂತ್ಕಂಡು ಬಯ್ತಾ ಇದ್ದೀಯಲ್ಲ, ಬಯ್ಯಿ," ಎಂದೆ.

ಮಳವಳ್ಳಿಯವನು ಕಡಲೆ ಸಿಪ್ಪೆ ಕೊಡವಿಕೊಂಡು ಎದ್ದ. "ಏರ್ಸಣ್ವಾ ಅಕ್ಕ?"

"ಏರ್ಸಿ," ಎಂದಳು ಇವಳು.

ನಮ್ಮವನು ಹ್ಯಾಂಡಲ್ ಹಿಡಿದ ಕೈ ಸಡಿಲಿಸಲಿಲ್ಲ.

"ಕೊತ್ತತ್ತಿಗೆ ಬುಡಿ ಅಣ್ಣ, ಬಾಡ್ಗೆ ಕೊಡ್ತೀನಿ," ಎಂದು ಅವಳು ಮಾತು ಮುಗಿಸಿದಳು. "ಮಾರಲ್ಲ. ಇವ್ರು ಇದನ್ನ ರೋಡಲ್ಲಿ ಓಡುಸ್ಕಂಡು ಬರೋದು ಬ್ಯಾಡ."

ಮಳವಳ್ಳಿಯವನು ಅವಳನ್ನೊಮ್ಮೆ, ಬೈಕನ್ನೊಮ್ಮೆ ನೋಡಿದ. ಆಮೇಲೆ ಹಲಗೆ ಇಳಿಸಿದ. ನಾವು ಹೆಂಗಸರಿಬ್ಬರೂ ಮುಂದೆ ಡ್ರೈವರಿನ ಪಕ್ಕ ಇಕ್ಕಟ್ಟಿನಲ್ಲಿ ಕೂತೆವು. ಅವನು ಹಿಂದೆ ಬೈಕನ್ನು ತಬ್ಬಿಕೊಂಡು ನಿಂತ.